ಜನಪದ ಕಥೆಗಳೂ ಅನಿಮೇಷನ್ ಚಿತ್ರಗಳೂ: ಒಂದು ವಿಚಾರ

ಕಥೆ ಹೇಳುವವರು ಒಬ್ಬರಿದ್ದರೆ ಹೂಂಗುಟ್ಟುವವರು ಒಬ್ಬರಿರಬೇಕೆಂಬುದು ನಮ್ಮ ಹಳ್ಳಿಗಳ ಹಳೆಯ ಕಟ್ಟಳೆ. ಹೂಂಗುಟ್ಟುವ ದನಿ ನಿಂತಿತೆಂದರೆ ಮಗುವಿಗೆ ನಿದ್ದೆ ಹತ್ತಿತೆಂದು ಅರ್ಥ. ಅಜ್ಜಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಮಗು ಹೆದರಿ ಮಗ್ಗುಲಿಗೆ ಒತ್ತಿಕೊಂಡರೆ ರಾಕ್ಷಸನ ಹಲ್ಲುಗಳನ್ನು ಸ್ವಲ್ಪ ಚಿಕ್ಕದು ಮಾಡುತ್ತಿದ್ದಳು. ಹಟಮಾರಿ ಮಗುವಾದರೆ ಅದೇ ಹಲ್ಲುಗಳು ಮೊಳದುದ್ದ ಬೆಳೆಯುತ್ತಿದ್ದವು. ನಂಗಲಿಯ ಕಡೆ ಇನ್ನೂ ಒಂದು ವಿಶೇಷವುಂಟು. ವಿಷ್ಣುವರ್ಧನನ ರಾಜ್ಯದ ಪೂರ್ವದ ಎಲ್ಲೆಯೆಂದು ಹೊಯ್ಸಳ ಶಾಸನಗಳಲ್ಲಿ ಹೆಸರು ಪಡೆದ ಊರಿದು. ಇಂದಿಗೂ ಗಡಿಯ ಊರೇ. ಇಲ್ಲಿ ಕನ್ನಡದಲ್ಲಿ ಆರಂಭವಾದ ಕಥೆ ತೆಲುಗಿನಲ್ಲಿ ಮುಗಿಯುವುದುಂಟು. ಹೀಗೆ ಭಾಷೆಯನ್ನು ದಾಟುವಾಗ ಕಥೆಯ ರಾಜಕುಮಾರಿಗೆ ಹೊಸ ಹೆಸರು, ಹೊಸ ಅಡುಗೆ, ಹೊಸ ಅತ್ತೆ ದೊರೆಯುತ್ತಿದ್ದರು. ಆದ್ದರಿಂದ ಜನಪದ ಕಥೆ ಬದಲಾಗುವುದೆಂದರೆ ಅದೇನೋ ಅನಾಹುತವೆಂದು ಭಾವಿಸುವವರ ಪೈಕಿ ನಾನಲ್ಲ.

ಹಾಗಿದ್ದರೂ ಈ ವಿಚಾರವನ್ನು ಬರೆಯಲು ತೊಡಗಿದುದಕ್ಕೆ ಒಂದು ಕಾರಣವಿದೆ. ಒಮ್ಮೆ ಕೆಳಗಿನ ತರಗತಿಯೊಂದರಲ್ಲಿ ಗೋವಿನ ಹಾಡಿನ ಪಾಠ ನಡೆಯುತ್ತಿತ್ತು. ಪುಣ್ಯಕೋಟಿ ಕೊಟ್ಟ ಮಾತಿನಂತೆ ಹಿಂದಿರುಗಿ ಬಂದು ಹುಲಿಯ ಮುಂದೆ ನಿಂತಳು, ಅವಳ ಸತ್ಯವನ್ನು ಕಂಡು ಕರಗಿದ ಹುಲಿ ತಾನೇ ಪ್ರಾಣ ಬಿಟ್ಟಿತು ಎಂದು ನಾನು ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಇಲ್ಲ ಸಾರ್, ಹುಲಿ ಸಾಯಲ್ಲ. ಹಸೂಗೂ ಹುಲೀಗೂ ಫ್ರೆಂಡ್ಸ್ ಆಗುತ್ತೆ. ನಾನು ಫೋನಿನಲ್ಲಿ ನೋಡಿದ್ದೀನಿ" ಎಂದಳು. ಉಳಿದ ಮಕ್ಕಳಲ್ಲಿ ಅರ್ಧದಷ್ಟು ಜನ ಅವಳ ಪರ. ಕಾರ್ಟೂನಿನಲ್ಲಿ ಕಂಡದ್ದೇ ಅವರಿಗೆ ಮೂಲ. ಪುಸ್ತಕದಲ್ಲಿದ್ದುದು ನಾನು ಮಾಡಿದ ತಪ್ಪು! ಆ ಹೊತ್ತಿನಲ್ಲಿ ನಾನು ಅವಳನ್ನು ಕೂರಿಸಿ ಪಾಠ ಮುಂದುವರಿಸಿದೆ. ಹಾಗೆ ಮಾಡಬಾರದಿತ್ತೆಂದು ಮನೆಗೆ ಹೋಗುವ ದಾರಿಯಲ್ಲಿ ತೋರಿತು.

ಹುಲಿಗೆ ಸಾಯುವುದಲ್ಲದೆ ಬೇರೆ ಗತಿಯೇ ಇರಲಿಲ್ಲವೆ? ಇತ್ತು. ಇದೇ ಕಥೆಯ ಒಂದು ರೂಪ ಪದ್ಮಪುರಾಣದಲ್ಲಿದೆ. ಅಲ್ಲಿ ಹಸುವಿನ ಹೆಸರು ನಂದಾ. ಹುಲಿಯಾದರೋ ಪ್ರಭಂಜನನೆಂಬ ಅರಸು. ಮರಿಗೆ ಹಾಲೂಡುತ್ತಿದ್ದ ಹೆಣ್ಣು ಜಿಂಕೆಯನ್ನು ಬೇಟೆಯಾಡಿದ ಪಾಪಕ್ಕೆ ಅದರ ಶಾಪ ತಗಲಿ ಹುಲಿಯಾದವನು. ನಂದೆಯ ಸತ್ಯದ ಮುಂದೆ ಅವನ ಶಾಪ ಕಳೆದು ಮೊದಲಿನ ರೂಪ ಬರುತ್ತದೆ. ಅಲ್ಲಿ ಹುಲಿ ಸಾಯುವುದಿಲ್ಲ, ಹುಲಿತನ ಸಾಯುತ್ತದೆ. ನಮ್ಮ ಕನ್ನಡದ ಹಾಡು ಕಟ್ಟಿದ ಅಜ್ಞಾತ ಕವಿ ಶಾಪದ ವೃತ್ತಾಂತವನ್ನು ತೆಗೆದುಹಾಕಿ, ಹುಲಿಯನ್ನು ಬರಿಯ ಹುಲಿಯಾಗಿಯೇ ಉಳಿಸಿಕೊಂಡ. ಈ ಹುಲಿಗೆ ಹಿಂತಿರುಗಲು ಅರಸುತನವಿಲ್ಲ. ಹಸುವನ್ನು ತಿನ್ನಲು ಮನಸ್ಸು ಒಪ್ಪದು. ತಿನ್ನದೆ ಬದುಕಲು ಜಾತಿಯ ಧರ್ಮ ಬಿಡದು. ಆ ಇಕ್ಕಟ್ಟಿನಲ್ಲಿ ಅದು ಆರಿಸಿಕೊಂಡ ಸಾವು ಅದಕ್ಕೆ ಪುಣ್ಯಕೋಟಿಗೆ ಸಮನಾದ ಎತ್ತರವನ್ನು ಕೊಟ್ಟಿತು. ಎರಡು ರೂಪಗಳಲ್ಲಿಯೂ ಮುಕ್ತಾಯ ಬೇರೆ. ಆದರೆ ಎರಡರಲ್ಲಿಯೂ ಯಾರೋ ಒಬ್ಬರು ಬೆಲೆ ತೆತ್ತಿದ್ದಾರೆ. ಹುಡುಗಿ ಕಂಡ ಕಾರ್ಟೂನಿನಲ್ಲಿ ಯಾರೂ ಏನನ್ನೂ ತೆರುವುದಿಲ್ಲ. ಹಸು ಮಾತು ಉಳಿಸಿಕೊಂಡಿತು, ಹುಲಿ ನಕ್ಕಿತು, ಹಾಡು ಮುಗಿಯಿತು. ಹಸಿದ ಹುಲಿ ಆ ಸಂಜೆ ಏನು ತಿಂದಿತೆಂದು ಕೇಳುವವರಿಲ್ಲ. ಕಥೆಯನ್ನು ಬದಲಿಸಿದ್ದಕ್ಕಲ್ಲ, ಬೆಲೆಯ ಲೆಕ್ಕವನ್ನೇ ಅಳಿಸಿದ್ದಕ್ಕೆ ನನ್ನ ಆಕ್ಷೇಪ.

ಈ ಅಳತೆಗೋಲನ್ನು ಹಿಡಿದು ಜಗತ್ತಿನ ಹೆಸರಾಂತ ಅನಿಮೇಷನ್ ಚಿತ್ರಗಳನ್ನು ನೋಡೋಣ. ವಾಲ್ಟ್ ಡಿಸ್ನಿಯವರ ಸಂಸ್ಥೆ 1937ರಲ್ಲಿ ಹೊರತಂದ 'ಸ್ನೋ ವೈಟ್' ಜರ್ಮನಿಯ ಗ್ರಿಮ್ ಸೋದರರ ಸಂಗ್ರಹದಿಂದ ಬಂದುದು. ಗ್ರಿಮ್ ಸೋದರರೇನೂ ಕೇಳಿದ ಕಥೆಯನ್ನು ಹಾಗೆಯೇ ಇರಿಸಿದವರಲ್ಲ. 1812ರ ಮೊದಲ ಮುದ್ರಣದಲ್ಲಿ ಮಗಳನ್ನು ಕೊಲ್ಲಿಸಲು ಹವಣಿಸುವವಳು ಹೆತ್ತ ತಾಯಿಯೇ. 1819ರ ಮುದ್ರಣದಲ್ಲಿ ಅವಳನ್ನು ಮಲತಾಯಿಯಾಗಿ ಮಾರ್ಪಡಿಸಿದರು. ಅವರ ಕಥೆಯಲ್ಲಿ ರಾಣಿ ಮೂರು ಸಲ ವೇಷ ಮರೆಸಿಕೊಂಡು ಬರುತ್ತಾಳೆ: ಒಮ್ಮೆ ರವಿಕೆಯ ದಾರ, ಒಮ್ಮೆ ಬಾಚಣಿಗೆ, ಕೊನೆಗೆ ಸೇಬು. ಬಾಯಿಂದ ಬಾಯಿಗೆ ಬರುವ ಕಥೆಗೆ ಈ ಮೂರರ ಮರುಕಳಿಕೆ ಊರುಗೋಲು. ಹೇಳುವವರಿಗೆ ನೆನಪು, ಕೇಳುವವರಿಗೆ ಕಾತರ. ಚಿತ್ರದಲ್ಲಿ ಒಂದೇ ಸೇಬು ಸಾಕಾಯಿತು. ಕಥೆಯಲ್ಲಿ ಶವಪೆಟ್ಟಿಗೆ ಹೊತ್ತವರು ಎಡವಿ, ಗಂಟಲಲ್ಲಿ ಸಿಕ್ಕಿದ್ದ ಸೇಬಿನ ಚೂರು ಹೊರಬಿದ್ದು ಹುಡುಗಿ ಎಚ್ಚರಗೊಳ್ಳುತ್ತಾಳೆ. ಚಿತ್ರದಲ್ಲಿ ರಾಜಕುಮಾರನ ಮುತ್ತು. ಕಥೆಯ ರಾಣಿ ಕಾದ ಕಬ್ಬಿಣದ ಪಾದರಕ್ಷೆ ತೊಟ್ಟು ಸಾಯುವವರೆಗೆ ಕುಣಿಯಬೇಕಾಗುತ್ತದೆ. ಚಿತ್ರದ ರಾಣಿಯ ಕಾಲ ಕೆಳಗಿನ ಬಂಡೆಗೆ ಸಿಡಿಲು ಬಡಿದು ಅವಳು ಪ್ರಪಾತಕ್ಕೆ ಬೀಳುತ್ತಾಳೆ. ಕಾದ ಪಾದರಕ್ಷೆಯನ್ನು ಚಿಕ್ಕ ಮಕ್ಕಳಿಗೆ ತೋರಿಸಬೇಕೆಂದು ನಾನು ವಾದಿಸುವುದಿಲ್ಲ. ಆದರೆ ಗಮನಿಸಿ, ದಂಡಿಸುವ ಹೊಣೆಯನ್ನು ಒಳ್ಳೆಯವರ ಕೈಯಿಂದ ತೆಗೆದು ಆಕಾಶಕ್ಕೆ ಒಪ್ಪಿಸಲಾಗಿದೆ.

ಇದಕ್ಕೆ ಚಿತ್ರಗಾರರ ಮನಸ್ಸಿಗಿಂತ ಮಿಗಿಲಾಗಿ ಅವರ ಕಸುಬಿನ ಲೆಕ್ಕಾಚಾರ ಕಾರಣ. ಸೆಕೆಂಡಿಗೆ 24 ಚೌಕಟ್ಟುಗಳಂತೆ 83 ನಿಮಿಷಗಳ ಆ ಚಿತ್ರಕ್ಕೆ ಸುಮಾರು 1,20,000 ಚೌಕಟ್ಟುಗಳು ಬೇಕು. ಆ ಕಾಲದಲ್ಲಿ ಅದೆಲ್ಲವೂ ಕೈಯಿಂದ ಬರೆದು ಬಣ್ಣ ತುಂಬಿದ ಚಿತ್ರ. ಅಷ್ಟು ಹಣ, ಅಷ್ಟು ಜನರ ದುಡಿಮೆ ಹಿಂದಕ್ಕೆ ಬರಬೇಕಾದರೆ ಎಲ್ಲ ದೇಶದ, ಎಲ್ಲ ವಯಸ್ಸಿನ ಜನರೂ ಮೆಚ್ಚಬೇಕು. ಅಜ್ಜಿಯ ಮುಂದೆ ಇದ್ದುದು ಒಂದೇ ಮಗು. ಅದರ ಮುಖ ನೋಡಿ ಕಥೆ ಬದಲಿಸಿದಳು. ಚಿತ್ರ ತಯಾರಕನ ಮುಂದೆ ಇರುವುದು ಕೋಟಿ ಮಕ್ಕಳು. ಯಾವ ಮುಖವನ್ನೂ ಕಾಣದೆ ಬದಲಿಸುತ್ತಾನೆ.

ಒಂದು ಮಾತನ್ನು ಅವರ ಪರವಾಗಿಯೂ ಹೇಳಬೇಕು. ಗ್ರಿಮ್ ಕಥೆಯಲ್ಲಿ ಏಳು ಕುಳ್ಳರಿಗೆ ಹೆಸರಿಲ್ಲ. ಚಿತ್ರದಲ್ಲಿ ಒಬ್ಬೊಬ್ಬನಿಗೂ ಹೆಸರು, ನಡಿಗೆ, ಸ್ವಭಾವ ಬಂದವು. 1950ರ 'ಸಿಂಡ್ರೆಲಾ'ದಲ್ಲಿ ಇಲಿಗಳು ಅಂಗಿ ಟೋಪಿ ತೊಟ್ಟು ಓಡಾಡುತ್ತವೆ. ಇದನ್ನು ಅಗ್ಗದ ನಗೆಯೆಂದು ಹಳಿಯುವವರು ನಮ್ಮ ತೊಗಲುಗೊಂಬೆಯಾಟವನ್ನು ನೆನೆಯಲಿ. ರಾಮಾಯಣದ ಗಂಭೀರ ಪ್ರಸಂಗದ ನಡುವೆ ಕಿಳ್ಳೇಕ್ಯಾತ ನುಗ್ಗಿ ಬಂದು ಜನರನ್ನು ನಗಿಸುತ್ತಿದ್ದನಲ್ಲವೆ? ಅವನನ್ನು ಯಾವ ಋಷಿಯೂ ಬರೆಯಲಿಲ್ಲ. ಬಿಳಿಯ ತೆರೆ, ಹಿಂದೆ ದೀಪ, ನಡುವೆ ಚಲಿಸುವ ಬಣ್ಣದ ರೂಪ: ಇಂದಿನ ಅನಿಮೇಷನ್ ಚಿತ್ರಕ್ಕೆ ನಮ್ಮ ನಾಡಿನಲ್ಲಿ ಇದೇ ಹಿರಿಯಣ್ಣ. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಮಹಿಳೆ 1926ರಲ್ಲಿ ಅರೇಬಿಯನ್ ನೈಟ್ಸ್ ಕಥೆಗಳನ್ನು ಆಧರಿಸಿ ಮಾಡಿದ 'ಪ್ರಿನ್ಸ್ ಅಹ್ಮದ್' ಚಿತ್ರವೂ ಕತ್ತರಿಸಿದ ಕಪ್ಪು ಆಕೃತಿಗಳ ನೆರಳಾಟವೇ. ಉಳಿದು ಬಂದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು.

ಸಿಂಡ್ರೆಲಾಳ ಪ್ರಸ್ತಾಪ ಬಂದುದರಿಂದ ಅವಳ ಕನ್ನಡದ ತಂಗಿಯನ್ನು ಮರೆಯುವಂತಿಲ್ಲ. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಉತ್ತರ ಕರ್ನಾಟಕದಲ್ಲಿ ಸಂಗ್ರಹಿಸಿದ 'ಹಂಚಿ'ಯ ಕಥೆ 1982ರಲ್ಲಿ ಅಲನ್ ಡಂಡಿಸ್ ಸಂಪಾದಿಸಿದ ಸಿಂಡ್ರೆಲಾ ಕುರಿತ ಗ್ರಂಥದಲ್ಲಿ ಸೇರಿ ವಿದ್ವಾಂಸರ ಗಮನ ಸೆಳೆಯಿತು. ಹೊನ್ನಿನ ಕೂದಲಿನ ಹುಡುಗಿ. ಒಡಹುಟ್ಟಿದವನೇ ಅವಳನ್ನು ಮೋಹಿಸಲು, ತಾಯಿ ಮಗಳ ಮುಖಕ್ಕೆ ಮಣ್ಣಿನ ಹಂಚಿನ ಮುಖವಾಡ ತೊಡಿಸಿ ಊರು ಬಿಡಿಸುತ್ತಾಳೆ. ಅವಳು ಸಾಹುಕಾರನ ಮನೆಯಲ್ಲಿ ಆಳಾಗಿ ದುಡಿಯುತ್ತಾಳೆ. ಮುಖವಾಡ ತೆಗೆದಿರಿಸಿ ಮೀಯುವಾಗ ಆ ಮನೆಯ ಕಿರಿಯ ಮಗ ನೋಡಿ ಮದುವೆಯಾಗುತ್ತಾನೆ. ಯುರೋಪಿನ ಕಥೆ ಮುಗಿಯುವುದೇ ಇಲ್ಲಿ. ಹಂಚಿಗೆ ನಿಜವಾದ ಕಷ್ಟ ಬರುವುದು ಮದುವೆಯ ಆಮೇಲೆ. ಆ ಮನೆಗೆ ಬಂದುಹೋಗುವ ಗುರುವೊಬ್ಬ ಅವಳ ಮೇಲೆ ಕಣ್ಣು ಹಾಕಿ, ದಕ್ಕದೆ ಹೋದಾಗ ಅವಳ ಶೀಲದ ಮೇಲೆ ಕಳಂಕ ಹೊರಿಸುತ್ತಾನೆ. ಅವಳನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಡುತ್ತಾರೆ. ಮುದುಕಿಯೊಬ್ಬಳು ಅವಳನ್ನು ಬಿಡಿಸಿ ಪೆಟ್ಟಿಗೆಯಲ್ಲಿ ಹುಚ್ಚುನಾಯಿಯನ್ನು ಇರಿಸಿದಾಗ ಕಪಟಗುರುವಿಗೆ ತಕ್ಕ ಶಾಸ್ತಿಯಾಗುತ್ತದೆ. ಮಠದ ಶಾಲೆಯ ಸಂಚಿಕೆಯಲ್ಲಿ ಇದನ್ನು ಬರೆಯಲು ನನಗೇನೂ ಸಂಕೋಚವಿಲ್ಲ; ವೇಷಧಾರಿಗಳ ವಿಷಯದಲ್ಲಿ ಶರಣರು ಈ ಕಥೆಗಿಂತ ಮೆತ್ತಗೆ ಮಾತನಾಡಿದವರಲ್ಲ. ಹಂಚಿ ಇನ್ನೂ ಅನಿಮೇಷನ್ ಚಿತ್ರವಾಗಿ ಬಂದುದನ್ನು ನಾನು ಕಂಡಿಲ್ಲ. ಬಂದರೆ ಮೊದಲು ಕತ್ತರಿ ಬೀಳುವುದು ಅಣ್ಣನ ಮೋಹಕ್ಕೆ, ಅನಂತರ ಗುರುವಿಗೆ, ಕೊನೆಗೆ ಹುಚ್ಚುನಾಯಿಗೆ. ಉಳಿಯುವುದು ಹೊನ್ನಿನ ಕೂದಲು ಮತ್ತು ಮದುವೆ.

ಡೆನ್ಮಾರ್ಕಿನ ಆಂಡರ್‌ಸನ್ 1837ರಲ್ಲಿ ಬರೆದ ಮತ್ಸ್ಯಕನ್ಯೆಗೆ ಇಂಥದೇ ಗತಿಯಾಯಿತು. ಅವಳು ನಾಲಗೆಯನ್ನು ಕೊಟ್ಟು ಕಾಲುಗಳನ್ನು ಪಡೆದವಳು. ಒಂದೊಂದು ಹೆಜ್ಜೆಯೂ ಕತ್ತಿಯ ಅಲಗಿನ ಮೇಲೆ ನಡೆದಂತೆ. ರಾಜಕುಮಾರ ಬೇರೊಬ್ಬಳನ್ನು ವರಿಸಿದಾಗ, ಅವನನ್ನು ಕೊಂದು ತಾನು ಬದುಕಬಹುದಾಗಿದ್ದರೂ ಕೊಲ್ಲದೆ ಕಡಲ ನೊರೆಯಾಗುತ್ತಾಳೆ. 1989ರ ಚಿತ್ರದಲ್ಲಿ ಅವಳ ದನಿಯೂ ಮರಳಿ ಬರುತ್ತದೆ, ವರನೂ ದೊರೆಯುತ್ತಾನೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಮುಂಬಯಿಯ ಫಿಲ್ಮ್ಸ್ ಡಿವಿಷನ್‌ನಲ್ಲಿ 1956ರಲ್ಲಿ ಕಾರ್ಟೂನ್ ವಿಭಾಗ ಆರಂಭವಾದಾಗ ತರಬೇತಿ ನೀಡಲು ಬಂದವರು ಡಿಸ್ನಿ ಸಂಸ್ಥೆಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್. ಅಲ್ಲಿ 1957ರಲ್ಲಿ ಸಿದ್ಧವಾದ 'ದಿ ಬನ್ಯಾನ್ ಡೀರ್' ಜಾತಕ ಕಥೆಯೊಂದರ ಚಿತ್ರರೂಪ. ಅರಸನ ಅಡುಗೆಮನೆಗೆ ದಿನಕ್ಕೊಂದು ಜಿಂಕೆ ಸರದಿಯಂತೆ ಹೋಗಬೇಕು. ಬಸುರಿ ಜಿಂಕೆಯ ಸರದಿ ಬಂದಾಗ ಹಿಂಡಿನ ಒಡೆಯನೇ ಅವಳ ಬದಲಿಗೆ ಕೊಲೆಗಟ್ಟೆಯ ಮೇಲೆ ತಲೆಯಿಡುತ್ತಾನೆ. ಅರಸನ ಮನಸ್ಸು ಕರಗಿ ಎಲ್ಲಕ್ಕೂ ಅಭಯ ದೊರೆಯುತ್ತದೆ. ಈ ಕಥೆಯಲ್ಲಿ ಯಾರೂ ಸಾಯುವುದಿಲ್ಲ. ಆದರೂ ಬೆಲೆಯ ಲೆಕ್ಕ ತಪ್ಪಿಲ್ಲ, ಏಕೆಂದರೆ ತಲೆಯನ್ನು ಇಟ್ಟಾಗಿದೆ. ಸುಖಾಂತವೆಲ್ಲವೂ ಸುಳ್ಳಲ್ಲವೆಂದು ಆ ಹುಡುಗಿಯ ಪರವಾಗಿ ನಾನು ಒಪ್ಪಿಕೊಳ್ಳಬೇಕಾದುದು ಇಲ್ಲಿಯೇ.

ವೀಕ್ಸ್ ಅವರ ಕೈಯಲ್ಲಿ ಪಳಗಿದ ರಾಮಮೋಹನ್ ಮುಂದೆ ಜಪಾನಿನ ಯೂಗೊ ಸಾಕೊ ಮತ್ತು ಕೊಯಿಚಿ ಸಸಾಕಿಯವರೊಡನೆ ನಿರ್ದೇಶಿಸಿದ ರಾಮಾಯಣದ ಅನಿಮೇಷನ್ ಚಿತ್ರ 1992ರಲ್ಲಿ ಸಿದ್ಧವಾಯಿತು. 2025ರ ಜನವರಿಯಲ್ಲಿ ನಮ್ಮ ದೇಶದ ಚಿತ್ರಮಂದಿರಗಳಲ್ಲಿ ಮತ್ತೆ ತೆರೆಕಂಡಿತು. ಭಕ್ತಿಯಿಂದಲೂ ಶ್ರದ್ಧೆಯಿಂದಲೂ ಮಾಡಿದ ಸುಂದರವಾದ ಕೃತಿ. ಆದರೆ ಅದು ರಾವಣವಧೆಯಾಗಿ ಅಯೋಧ್ಯೆಗೆ ಮರಳುವಲ್ಲಿಗೆ ಮುಗಿಯುತ್ತದೆ. ಪಟ್ಟಾಭಿಷೇಕಕ್ಕೆ ಪಾರಾಯಣ ಮುಗಿಸುವ ಸಂಪ್ರದಾಯ ನಮ್ಮಲ್ಲಿಯೂ ಇರುವುದರಿಂದ ಇದನ್ನು ತಪ್ಪೆನ್ನಲಾಗದು. ಆದರೂ ಮುಳಬಾಗಿಲು ಸೀಮೆಯವರಾದ ನಮಗೆ ಅಲ್ಲೊಂದು ಕೊರತೆ ಕಾಣುತ್ತದೆ. ನಮ್ಮ ಆವನಿಯ ರಾಮಾಯಣ ಆರಂಭವಾಗುವುದೇ ಆ ಚಿತ್ರ ಮುಗಿದ ಮೇಲೆ. ವಾಲ್ಮೀಕಿಯ ಆಶ್ರಮ ಇಲ್ಲಿತ್ತು, ತುಂಬಿದ ಬಸುರಿ ಸೀತೆಗೆ ಆಶ್ರಯ ಸಿಕ್ಕಿದ್ದು ಇಲ್ಲಿ, ಲವಕುಶರು ಹುಟ್ಟಿದ್ದು ಇಲ್ಲಿ, ತಂದೆಮಕ್ಕಳ ಕಾಳಗ ನಡೆದುದೂ ಇಲ್ಲಿಯೇ ಎಂದು ಜನ ನಂಬಿ ಬಂದಿದ್ದಾರೆ. ಕೆಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರ ದೇವಾಲಯಗಳು. ಬೆಟ್ಟದ ಮೇಲೆ ಸೀತಾಪಾರ್ವತಿಯ ಗುಡಿ. ರಾಮಾಯಣದ ಗೆಲುವಿಗೆ ಬೆಲೆ ತೆತ್ತವಳು ಯಾರೆಂಬುದನ್ನು ಆ ಬೆಟ್ಟ ಏರಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ನೀನಾ ಪೇಲಿ 2008ರಲ್ಲಿ ಹೊರತಂದ 'ಸೀತಾ ಸಿಂಗ್ಸ್ ದಿ ಬ್ಲೂಸ್' ಈ ಉತ್ತರಭಾಗವನ್ನು ಕೈಬಿಡದೆ ಸೀತೆ ಭೂಮಿಯಲ್ಲಿ ಸೇರುವವರೆಗೂ ಸಾಗುತ್ತದೆ. ಅದರ ಧಾಟಿ ಅನೇಕರಿಗೆ ಹಿಡಿಸಲಿಲ್ಲ, ವಿರೋಧವೂ ಬಂದಿತು; ಕೆಲವು ಭಾಗಗಳು ನನಗೂ ರುಚಿಸಲಿಲ್ಲ. ಆದರೆ ಅದರಲ್ಲಿ ಒಂದು ಏರ್ಪಾಡು ಮನಸ್ಸಿಗೆ ಹಿಡಿಯುವಂಥದು. ತೊಗಲುಗೊಂಬೆಗಳ ರೂಪದ ಮೂವರು ಕುಳಿತು ಕಥೆ ಹೇಳುತ್ತಾರೆ; ಒಬ್ಬರು ಹೇಳಿದುದನ್ನು ಇನ್ನೊಬ್ಬರು ತಿದ್ದುತ್ತಾರೆ, ಹೆಸರು ಮರೆತು ತಡವರಿಸುತ್ತಾರೆ, ವಾದಿಸುತ್ತಾರೆ. ನಮ್ಮ ಜಗಲಿಯ ಮೇಲೆ ಮೂವರು ಅಜ್ಜಿಯರು ಸೇರಿದರೆ ನಡೆಯುವುದೂ ಇದೇ ಅಲ್ಲವೆ?

ಪುಣ್ಯಕೋಟಿಯ ಕಥೆಯೂ ಪೂರ್ಣಪ್ರಮಾಣದ ಚಿತ್ರವಾಯಿತು. ಬೆಂಗಳೂರಿನ ವಿ. ರವಿಶಂಕರ್ ಅವರು ಜನರಿಂದ ಹಣ ಕೂಡಿಸಿ, ಸಂಸ್ಕೃತದಲ್ಲಿ ತಯಾರಿಸಿದ 'ಪುಣ್ಯಕೋಟಿ' 2020ರಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಬಿಡುಗಡೆಯಾಯಿತು. ಸಂಗೀತ ಇಳಯರಾಜಾ ಅವರದು, ಹಸುವಿಗೆ ದನಿ ಕೊಟ್ಟವರು ನಟಿ ರೇವತಿ. ಹಾಡಿನಲ್ಲಿ ಹಿನ್ನೆಲೆಯಾಗಿರುವ ಊರು, ಕಾಡು, ಮನುಷ್ಯನಿಗೂ ಪ್ರಕೃತಿಗೂ ಇರುವ ನಂಟು ಈ ಚಿತ್ರದಲ್ಲಿ ಮುನ್ನೆಲೆಗೆ ಬಂದಿವೆ. ಹುಲಿ ಏಕೆ ಹಸಿದಿತ್ತು ಎಂಬ ಪ್ರಶ್ನೆ ಇಂದಿನ ಮಕ್ಕಳಿಗೆ ಸಹಜವಾದುದೇ. ಕನ್ನಡದ ಹಾಡು ಸಂಸ್ಕೃತ ಮಾತಾಡಿದ್ದು ನನಗೆ ಸ್ವಲ್ಪ ವಿಚಿತ್ರವೆನಿಸಿದರೂ, ಪುರಾಣದ ನಂದೆಯನ್ನು ನೆನೆದರೆ ಅವಳು ತವರಿಗೆ ಹೋಗಿ ಬಂದಳೆಂದು ಸಮಾಧಾನ ಮಾಡಿಕೊಳ್ಳಬಹುದು.

ಮರುದಿನ ಅದೇ ತರಗತಿಯಲ್ಲಿ ನಾನು ಪಾಠವನ್ನು ಮತ್ತೆ ತೆಗೆದುಕೊಂಡೆ. ಪ್ರಭಂಜನನ ಕಥೆ ಹೇಳಿದೆ, ಜಿಂಕೆಯೊಡೆಯನ ಕಥೆ ಹೇಳಿದೆ, ಮನೆಯಲ್ಲಿ ಹಿರಿಯರನ್ನು ಕೇಳಿ ಹುಲಿ ಏನಾಯಿತೆಂದು ಬರೆದು ತರುವಂತೆ ತಿಳಿಸಿದೆ. ಬಂದ ಉತ್ತರಗಳು ಹಲವು ಬಗೆ. ಕೆಲವರ ಹುಲಿ ಬಂಡೆಗೆ ತಲೆ ಚಚ್ಚಿಕೊಂಡಿತು, ಕೆಲವರದು ಕಂದಕಕ್ಕೆ ಹಾರಿತು. ಒಬ್ಬನ ಮನೆಯ ಅವ್ವ ತೆಲುಗಿನಲ್ಲಿ ಹೇಳಿದ ಕಥೆಯಲ್ಲಿ ಹುಲಿ ಕಾಡು ಬಿಟ್ಟು ಹೋಗಿ ಮತ್ತೆಂದೂ ಕಾಣಿಸಿಕೊಳ್ಳಲಿಲ್ಲವಂತೆ. ಹಿಂದಿನ ಸಾಲಿನ ಹುಡುಗಿ ತನ್ನ ಹಾಳೆಯಲ್ಲಿ ಹುಲಿಯನ್ನು ಬದುಕಿಸಿಯೇ ಇದ್ದಳು. ಆದರೆ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು: ಅಂದಿನಿಂದ ಹುಲಿ ಏನನ್ನೂ ತಿನ್ನಲಿಲ್ಲ, ದಿನದಿನಕ್ಕೆ ಸಣ್ಣದಾಯಿತು, ಕರು ದಿನಾ ಬಂದು ಅದರ ಹತ್ತಿರ ಕೂತುಕೊಳ್ಳುತ್ತಿತ್ತು.