ಗಣಿಮಣ್ಣಿಗೆ ಸಸ್ಯಗಳ ಹೊದಿಕೆ

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಚಿನ್ನವನ್ನು ತೆಗೆದ ಮೇಲೆ ಮಿಕ್ಕ ಪುಡಿಮಣ್ಣಿನ ದಿಬ್ಬಗಳು ಹಾಗೆಯೇ ಉಳಿದವು. ಬೇಸಿಗೆಯ ಗಾಳಿಗೆ ಆ ಧೂಳು ಮನೆಗಳನ್ನೂ ಶ್ವಾಸಕೋಶಗಳನ್ನೂ ಹೊಗುತ್ತದೆ.

ಇಂತಹ ಒಣನಾಡಿನ ಮಣ್ಣನ್ನು ಸಸ್ಯಗಳಿಂದ ಹಿಡಿದಿಡಬಹುದು. ಲೋಹವನ್ನು ಎಲೆಗಳಿಗೆ ಏರಿಸಿಕೊಳ್ಳುವ ಗಿಡಗಳೂ ಉಂಟು. ಆದರೆ ಅವು ಮೇವಾದರೆ ವಿಷವು ದನಕರುಗಳಿಗೂ ಸಾಗುತ್ತದೆ. ಆದುದರಿಂದ ಲೋಹವನ್ನು ಬೇರಿನ ಬಳಿಯಲ್ಲಿಯೇ ತಡೆಯುವ, ಬರವನ್ನು ಸಹಿಸುವ ಲಾವಂಚದಂತಹ ಸಸ್ಯಗಳೇ ಮೇಲು. ಮೊದಲು ಕೊಟ್ಟಿಗೆ ಗೊಬ್ಬರವನ್ನೂ, ಮಣ್ಣು ಹುಳಿಯಾಗಿದ್ದರೆ ಸುಣ್ಣವನ್ನೂ ಬೆರೆಸಿ, ಮಳೆಗಾಲದ ಆರಂಭದಲ್ಲಿ ನೆಡಬೇಕು.

ಇದರಿಂದ ಲೋಹವು ನಾಶವಾಗದು. ಇದ್ದಲ್ಲಿಯೇ ನಿಲ್ಲುತ್ತದೆ, ಅಷ್ಟೆ. ಹಸುರಾದ ಮೇಲೆಯೂ ಅಲ್ಲಿ ದನ ಮೇಯಿಸುವುದಾಗಲಿ ತರಕಾರಿ ಬೆಳೆಯುವುದಾಗಲಿ ಸಲ್ಲದು. ಊರಿನಲ್ಲಿರುವ ಬಂಧುಗಳಿಗೆ ಈ ಎಚ್ಚರಿಕೆಯನ್ನು ತಿಳಿಸಿರಿ.