ಅಲರ್ಜಿಯ ಜೀವಕೋಶಗಳಲ್ಲಿ ಪ್ರೋಟೀನುಗಳನ್ನು ನೋಡುವುದು ಹೇಗೆ?

ಕಡಲೆಕಾಯಿ ತಿಂದ ಕೆಲವೇ ನಿಮಿಷಗಳಲ್ಲಿ ಕೆಲವರ ತುಟಿ ಊದಿಕೊಳ್ಳುತ್ತದೆ, ಮೈಮೇಲೆ ಪಿತ್ತದ ಗಂಧೆಗಳು ಏಳುತ್ತವೆ. ಅಷ್ಟು ಬೇಗ ದೇಹದಲ್ಲಿ ಏನಾಯಿತು ಎಂಬ ಕುತೂಹಲ ನಿಮಗಿದ್ದರೆ ಸಾಕು. ಉಳಿದದ್ದನ್ನು ಒಂದೊಂದಾಗಿ ನೋಡೋಣ.

ಇಲ್ಲಿ ನೀವು ಪರಿಚಯ ಮಾಡಿಕೊಳ್ಳಬೇಕಾದ ರೋಗನಿರೋಧಕ ಜೀವಕೋಶಗಳು ಮುಖ್ಯವಾಗಿ ಎರಡು. ಚರ್ಮ, ಶ್ವಾಸನಾಳ, ಕರುಳಿನಂಥ ಕಡೆ ನೆಲೆಸಿರುವವು ಮಾಸ್ಟ್ ಕೋಶಗಳು. ಜರ್ಮನಿಯ ಪೌಲ್ ಎರ್ಲಿಕ್ 1878ರಲ್ಲಿ ಇವಕ್ಕೆ ಬಣ್ಣ ಹಿಡಿಸಿ ಗುರುತಿಸಿ, ಹೆಸರಿಟ್ಟರು. ರಕ್ತದಲ್ಲಿ ಹರಿದಾಡುವವು ಬೇಸೋಫಿಲ್‌ಗಳು. ನೂರು ಬಿಳಿ ರಕ್ತಕಣಗಳಲ್ಲಿ ಇಂಥದ್ದು ಒಂದು ಸಿಕ್ಕರೆ ಹೆಚ್ಚು. ಎರಡರೊಳಗೂ ತುರಿಕೆ, ಊತ ತರುವ ಹಿಸ್ಟಮೀನ್ ತುಂಬಿದ ಪುಟ್ಟ ಚೀಲಗಳು ಮೊದಲೇ ಸಿದ್ಧವಾಗಿರುತ್ತವೆ. ಆ ವೇಗಕ್ಕೆ ಕಾರಣ ಇದೇ.

ಚೀಲ ತೆರೆಯುವಂತೆ ಮಾಡುವುದು ಯಾವುದು? ಕೋಶದ ಬಹುತೇಕ ಕೆಲಸಗಳನ್ನು ಮಾಡುವ ದೊಡ್ಡ ಅಣುಗಳೇ ಪ್ರೋಟೀನುಗಳು. ಅವುಗಳಲ್ಲಿ ಗ್ರಾಹಕ ಎಂಬುದು ಕೋಶದ ಮೇಲ್ಮೈಯಲ್ಲಿದ್ದು, ಹೊರಗಿನ ಅಣುವನ್ನು ಹಿಡಿದು ಒಳಕ್ಕೆ ಸುದ್ದಿ ಮುಟ್ಟಿಸುತ್ತದೆ. ಇಲ್ಲಿ ಅದು ಹಿಡಿದುಕೊಂಡಿರುವುದು ಐಜಿಇ ಎಂಬ ಪ್ರತಿಕಾಯವನ್ನು. ಪ್ರತಿಕಾಯವೂ ಪ್ರೋಟೀನೇ, ನಿರ್ದಿಷ್ಟ ವಸ್ತುವೊಂದನ್ನು ಗುರುತಿಸಿ ಅಂಟಿಕೊಳ್ಳುತ್ತದೆ. ಐಜಿಇಯನ್ನು 1960ರ ದಶಕದಲ್ಲಿ ಅಮೆರಿಕದಲ್ಲಿದ್ದ ಜಪಾನಿನ ಇಶಿಝಾಕಾ ದಂಪತಿಯೂ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ ಅವರೂ ಬೇರೆ ಬೇರೆಯಾಗಿ ಕಂಡುಹಿಡಿದರು. ಕಡಲೆಕಾಯಿಯ ಪ್ರೋಟೀನು ಒಂದೇ ಐಜಿಇಗೆ ಅಂಟಿದರೆ ಏನೂ ಆಗದು. ಪಕ್ಕಪಕ್ಕದವನ್ನು ಒಟ್ಟಿಗೆ ಹಿಡಿದು ಜೋಡಿಸಬೇಕು. ಆಗಲೇ ಚೀಲಗಳು ಕೋಶದ ಹೊರಪೊರೆಗೆ ಬೆಸೆದು ತೆರೆದುಕೊಳ್ಳುತ್ತವೆ. ಈ ಹಂತವನ್ನು ನಿಧಾನವಾಗಿ ಮನಸ್ಸಿಗೆ ತಂದುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಸಿಡಿ63 ಎಂಬ ಪ್ರೋಟೀನು ಸುಮ್ಮನಿರುವ ಬೇಸೋಫಿಲ್‌ನಲ್ಲಿ ಚೀಲದ ಪೊರೆಯಲ್ಲಿರುತ್ತದೆ. ಚೀಲ ಬೆಸೆದಾಗ, ಅಂಗಿಯ ಜೇಬನ್ನು ಹೊರಕ್ಕೆಳೆದರೆ ಒಳಬಟ್ಟೆ ಕಾಣುವಂತೆ, ಅದು ಕೋಶದ ಹೊರಮೈಗೆ ಬರುತ್ತದೆ. ನಾವು ಹುಡುಕುವುದು ಇದನ್ನೇ. ರಕ್ತದ ಮಾದರಿಗೆ ಕಡಲೆಕಾಯಿಯ ಸಾರ ಬೆರೆಸಿ, ಸಿಡಿ63ಕ್ಕೆ ಅಂಟುವ, ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯ ಹಾಕಿ, ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸುತ್ತೇವೆ. ಈ ಯಂತ್ರಕ್ಕೆ ಫ್ಲೋ ಸೈಟೋಮೀಟರ್ ಎಂದು ಹೆಸರು. ಪ್ರತಿಕ್ರಿಯೆ ನಡೆಯುವುದು ಕೊಳವೆಯಲ್ಲಿ, ರೋಗಿಯ ಮೈಯಲ್ಲಲ್ಲ. ಈ ಪರೀಕ್ಷೆ ನನಗೆ ಅಷ್ಟು ಇಷ್ಟವಾಗುವುದು ಅದಕ್ಕೇ.

ಜೊತೆಗೆ ಇನ್ನೆರಡು ಕೊಳವೆ ಇಡುವುದನ್ನು ಮರೆಯಬೇಡಿ: ಒಂದಕ್ಕೆ ಸಾರ ಬೆರೆಸದೆ, ಇನ್ನೊಂದಕ್ಕೆ ಐಜಿಇಗಳನ್ನು ತಾನೇ ಜೋಡಿಸಬಲ್ಲ ಪ್ರತಿಕಾಯವೊಂದನ್ನು ಬೆರೆಸಿ. ಕೆಲವರ ಬೇಸೋಫಿಲ್‌ಗಳು ಇದಕ್ಕೂ ಮಿಸುಕುವುದಿಲ್ಲ. ಅಂಥವರ ಕಡಲೆಕಾಯಿ ಕೊಳವೆಯಲ್ಲಿ ಸಿಡಿ63 ಕಾಣದಿದ್ದರೂ ಅಲರ್ಜಿ ಇಲ್ಲವೆಂದು ಬರೆಯುವಂತಿಲ್ಲ. ಈ ಪರೀಕ್ಷೆಯಿಂದ ಹೇಳಲಾಗದು ಎಂದೇ ದಾಖಲಿಸಿ.