ತಲೆ, ಕಾಲು, ಬೋಟಿ ಬಿಟ್ಟು ಬರಬೇಡ ಮಗಳೇ

ಸಕಲೇಶಪುರದ ಪಕ್ಕದ ಆನೇಮಹಲ್ ಮನೆಗೆ ನೀನು ವಾಪಸ್ ಬಂದು ಒಲೆ ಹಚ್ಚಿದ್ದು ನನಗೆ ಎಷ್ಟು ಸಂತೋಷವೋ ಹೇಳಲಾರೆ. ಮೇಲಿನ ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟಿದ್ದೀಯ. ಮಂಜರಾಬಾದ್ ಕೋಟೆ ನೋಡಲು ಬಂದವರು ರಾತ್ರಿ ನಿನ್ನ ಕೈಯಡುಗೆ ಉಂಡು ಮಲಗುತ್ತಾರೆ. ಒಳ್ಳೆಯದೇ ಆಯಿತು. ಆದರೆ ಮಟನ್ ಅಂಗಡಿಗೆ ಹೋದಾಗ ತೊಡೆ, ಪಕ್ಕೆ, ಚಾಪ್ಸ್ ಅಷ್ಟೇ ತರುತ್ತೀಯ. ತಲೆ, ಕಾಲು, ಬೋಟಿ ಏಕೆ ತರಲಿಲ್ಲ ಅಂದರೆ, "ಅದನ್ನೆಲ್ಲ ಯಾರು ತೊಳೀತಾರೆ ದೊಡ್ಡಮ್ಮ, ಬಂದವರು ಕೇಳೋದೂ ಇಲ್ಲ" ಅನ್ನುತ್ತೀಯ. ಈ ಮಾತಿಗೆ ನಾನು ಸುಮ್ಮನಿದ್ದರೆ ನಮ್ಮ ಮನೆಯ ಅಡುಗೆ ಮುಕ್ಕಾಲು ಪಾಲು ನನ್ನ ಜೊತೆಗೇ ಹೋಗುತ್ತದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ತೊಡೆ ಮಾಂಸವನ್ನು ಯಾರು ಬೇಯಿಸಿದರೂ ಬೇಯುತ್ತದೆ. ಉಪ್ಪು, ಖಾರ ಹೆಚ್ಚುಕಮ್ಮಿ ಆದರೂ ತಿನ್ನಬಹುದು. ಕಾಲು, ತಲೆ, ಬೋಟಿ ಹಾಗಲ್ಲ. ಅವು ದುಡ್ಡು ಕಡಿಮೆ ಕೇಳುತ್ತವೆ, ಹೊತ್ತು ಮತ್ತು ಕೈ ಹೆಚ್ಚು ಕೇಳುತ್ತವೆ. ಆ ಹೊತ್ತನ್ನು ಕೊಟ್ಟವರ ಮನೆಯ ಸಾರಿಗೆ ಬರುವ ರುಚಿ, ದುಬಾರಿ ತುಂಡು ತಂದು ಅರ್ಧ ಗಂಟೆಯಲ್ಲಿ ಮುಗಿಸಿದವರ ಸಾರಿಗೆ ಬರುವುದಿಲ್ಲ.

ಗುಡ್ಡೆ ಬಾಡು ನಿನಗೆ ನೆನಪಿರಬೇಕು. ಯುಗಾದಿಯ ಮಾರನೇ ದಿನ ವರ್ಷತೊಡಕಿಗೆ ಅಂತ ಕೆಲವು ಮನೆಯವರು ದುಡ್ಡು ಸೇರಿಸಿ ಕುರಿಯನ್ನೋ ಆಡನ್ನೋ ಕೊಂಡು ಕಡಿಸುತ್ತಾರೆ. ಎಲೆ ಹಾಸಿ, ಎಷ್ಟು ಪಾಲೋ ಅಷ್ಟು ಗುಡ್ಡೆ ಹಾಕುತ್ತಾರೆ. ತೊಡೆಯ ತುಂಡೆಲ್ಲ ಒಬ್ಬರಿಗೆ, ಬೋಟಿಯೆಲ್ಲ ಇನ್ನೊಬ್ಬರಿಗೆ ಅಂತ ಆಗುವುದಿಲ್ಲ. ಪ್ರತಿ ಗುಡ್ಡೆಗೂ ಮೆತ್ತನೆಯ ಮಾಂಸ ಒಂದಿಷ್ಟು, ಮೂಳೆ ಒಂದಿಷ್ಟು, ಲಿವರ್ ಒಂದು ಚೂರು, ಬೋಟಿ ಒಂದು ಹಿಡಿ, ಕೊಬ್ಬು ಒಂದು ಚಿಟಿಕೆ. ಗುಡ್ಡೆ ಹಾಕುವವನ ಕಣ್ಣಳತೆ ಮೇಲೆ ಊರಿಗೇ ಕಣ್ಣು. ಒಂದು ಗುಡ್ಡೆ ಸ್ವಲ್ಪ ಸೊರಗಿದಂತೆ ಕಂಡರೂ ಪಕ್ಕದ್ದರಿಂದ ಒಂದು ತುಂಡು ಎತ್ತಿ ಇದಕ್ಕೆ ಹಾಕಿಸುತ್ತಾರೆ. ಹೀಗೆ ಬಂದ ಬಾಡನ್ನು ಅಡುಗೆ ಮಾಡುವವಳಿಗೆ 'ಇದು ಬೇಕು, ಅದು ಬೇಡ' ಅನ್ನುವ ಪ್ರಶ್ನೆಯೇ ಇರಲಿಲ್ಲ. ಎಲ್ಲ ಭಾಗವನ್ನೂ ಅಡುಗೆ ಮಾಡಲು ಬರಬೇಕಿತ್ತು, ಬರುತ್ತಿತ್ತು. ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಬೇಕಾದ ತುಂಡನ್ನು ತೋರಿಸಿ ತರುವುದು ಬಂದ ಮೇಲೆ ಕೈಗೆ ಆ ಪಳಗು ತಪ್ಪಿತು.

ಮೊದಲು ಕಾಲಿನಿಂದ ಶುರು ಮಾಡು, ಅದೇ ಸುಲಭ. ಅಂಗಡಿಯಲ್ಲಿ ಸುಟ್ಟು ಕೊಡುತ್ತೇವೆ ಅಂದರೂ ಮನೆಗೆ ತಂದು ಇನ್ನೊಮ್ಮೆ ಕೆಂಡದ ಮೇಲೆ ಹಿಡಿ. ಗೊರಸಿನ ಸಂದಿಯಲ್ಲಿ ಕೂದಲು ಉಳಿದೇ ಇರುತ್ತದೆ. ಗ್ಯಾಸ್ ಉರಿ ಮೇಲೆ ಹಿಡಿದರೆ ಹೊರಗೆ ಕಪ್ಪಾಗುತ್ತದೆ, ಸಂದಿ ಹಾಗೇ ಉಳಿಯುತ್ತದೆ. ಸುಟ್ಟ ಮೇಲೆ ಗೊರಸಿನ ಚಿಪ್ಪನ್ನು ತಿರುವಿ ಕಿತ್ತು ಹಾಕು. ಚಾಕುವಿನ ಬೆನ್ನಿನಿಂದ ಕೆರೆದು, ಅರಿಸಿನ ಹಚ್ಚಿ ಬಿಸಿನೀರಲ್ಲಿ ಉಜ್ಜು. ಚರ್ಮ ತಿಳಿ ಹಳದಿಗೆ ಬಂದು ಸುಟ್ಟ ವಾಸನೆ ಹೋಗಿ ಹದವಾದ ಹೊಗೆಯ ಘಮ ಉಳಿದರೆ ಕೆಲಸ ಆಯಿತು ಅಂತ ಲೆಕ್ಕ. ಆಮೇಲೆ ತುಂಡು ಮಾಡಿಸು. ಮೊದಲೇ ತುಂಡು ಮಾಡಿಸಿದರೆ ಮಜ್ಜೆಗೆ ಬೂದಿ ಸೇರುತ್ತದೆ.

ಬೇಯಿಸುವಾಗ ಆತುರ ಬೇಡ. ನಮ್ಮ ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಇಲ್ಲಿ ನೀರು 97 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ಮಂಗಳೂರಿನ ನೆಂಟರು ಹೇಳುವ ಹೊತ್ತಿನ ಲೆಕ್ಕ ತೆರೆದ ಪಾತ್ರೆಯಲ್ಲಿ ಇಲ್ಲಿಗೆ ಸಾಲುವುದಿಲ್ಲ. ಸೌದೆ ಒಲೆಯಾದರೆ ಸಂಜೆ ಇಟ್ಟು ಸಣ್ಣ ಉರಿಯಲ್ಲಿ ರಾತ್ರಿಯ ತನಕ ಬಿಡು. ಕುಕ್ಕರ್ ಆದರೆ ಮೊದಲ ಸೀಟಿ ಬಂದ ಮೇಲೆ ಉರಿ ತಗ್ಗಿಸಿ ಮುಕ್ಕಾಲು ಗಂಟೆ. ಚರ್ಮದಲ್ಲೂ ಕೀಲಿನಲ್ಲೂ ಇರುವ ಕೊಲಾಜನ್ ನಿಧಾನದ ಶಾಖಕ್ಕೇ ಕರಗಿ ಜೆಲಾಟಿನ್ ಆಗುವುದು. ತುಟಿಗೆ ಅಂಟುವ ಸಾರು ಅನ್ನುತ್ತೇವಲ್ಲ, ಅದು ಇದರಿಂದಲೇ. ಮಸಾಲೆಗೆ ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹುರಿದ ಧನಿಯ, ಜೀರಿಗೆ, ತೋಟದ ಮೆಣಸು. ಒಣಮೆಣಸಿನಕಾಯಿ ಬೇಡ. ಕಾಯಿಯನ್ನೂ ಹೆಚ್ಚು ಹಾಕಬೇಡ, ಸಾರಿನ ಜಿಗುಟು ಕಾಯಿಯ ಕೆಳಗೆ ಮುಚ್ಚಿಹೋಗುತ್ತದೆ. ಜೊತೆಗೆ ಒತ್ತು ಶಾವಿಗೆ ಇದ್ದರೆ ಬೇರೇನೂ ಬೇಡ. ಮಿಕ್ಕಿದ್ದು ಬೆಳಿಗ್ಗೆಗೆ ಗಟ್ಟಿಯಾಗಿ ಕೂತಿರುತ್ತದೆ. ಕೆಟ್ಟಿತು ಅಂತ ಚೆಲ್ಲಬೇಡ, ಬಿಸಿ ಮಾಡಿ ಅಕ್ಕಿ ರೊಟ್ಟಿಗೆ ಕೊಡು.

ಕಾಲು ಸೂಪು ಕುಡಿದರೆ ಮುರಿದ ಮೂಳೆ ಕೂಡುತ್ತದೆ ಅಂತ ಊರೆಲ್ಲ ಹೇಳುತ್ತಾರೆ. ಬಾಣಂತಿಗೂ ಕೊಡುತ್ತಾರೆ. ಬಿಸಿಯಾಗಿ ಹೊಟ್ಟೆಗೆ ಹಿತ, ಅದು ನಿಜ. ಆದರೆ ಮೂಳೆಯ ಸುಣ್ಣದಂಶ ಸಾರಿಗೆ ಇಳಿಯುವುದು ಬಹಳ ಕಡಿಮೆ. ಅದಕ್ಕೆ ರಾಗಿ ಇದೆ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೇಲ್ಪಟ್ಟು ಕ್ಯಾಲ್ಸಿಯಂ. ಸೂಪನ್ನು ರುಚಿಗೆ ಕುಡಿಸು, ಔಷಧಿ ಅಂತ ಹೇಳಿ ಮಾರಬೇಡ.

ಇನ್ನು ಬೋಟಿ. ನೀನು ಮೂಗು ಮುಚ್ಚಿಕೊಳ್ಳುವುದು ಇಲ್ಲೇ. ಆ ವಾಸನೆ ಮಾಂಸದ್ದಲ್ಲ, ತೊಳೆಯದ್ದರದ್ದು. ಅಂಗಡಿಗೆ ಬೆಳಗಿನ ಜಾವವೇ ಹೋಗು, ಅವತ್ತೇ ಕಡಿದದ್ದನ್ನು ತಾ. ಹಿಂದಿನ ದಿನದ ಬೋಟಿಯನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಹೊಟ್ಟೆಯ ಚೀಲದ ಒಳಮೈ ಟವೆಲ್ ಹಾಗೆ ಇರುತ್ತದೆ, ಅದರ ಮೇಲೆ ಕಪ್ಪು ಪೊರೆ. ಕುದಿಯುವ ನೀರಲ್ಲ, ಕೈ ಇಟ್ಟರೆ ಚುರ್ ಅನ್ನುವಷ್ಟು ಬಿಸಿಯ ನೀರಿಗೆ ಸ್ವಲ್ಪ ಎಲೆಅಡಿಕೆಯ ಸುಣ್ಣ ಕದಡಿ ಒಂದೆರಡು ನಿಮಿಷ ಅದ್ದು. ಎತ್ತಿ ಚಾಕುವಿನಿಂದ ಕೆರೆದರೆ ಪೊರೆ ಸುಲಿದುಕೊಂಡು ಬಂದು ಬೆಳ್ಳಗಾಗುತ್ತದೆ. ಹೆಚ್ಚು ಕುದಿಸಿದೆಯೋ, ಪೊರೆ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ದೇವರೇ ಬಂದರೂ ಬಿಡದು. ಕರುಳನ್ನು ತೆಳುವಾದ ಕಡ್ಡಿಗೆ ಏರಿಸಿ ಒಳಮೈ ಹೊರಗೆ ಮಾಡಿ, ಹರಿಯುವ ನೀರಲ್ಲಿ ಬಿಡು. ಕಲ್ಲುಪ್ಪು, ಅರಿಸಿನ ಹಾಕಿ ಉಜ್ಜು, ತೊಳೆ. ಇನ್ನೊಮ್ಮೆ ಉಜ್ಜು. ತೊಳೆದ ನೀರು ತಿಳಿಯಾಗುವ ತನಕ ನಿಲ್ಲಿಸಬೇಡ. ಸುಣ್ಣದ ಅಂಶ ಒಂದಿಷ್ಟೂ ಉಳಿಯಬಾರದು.

ಈ ಕೆಲಸ ನಮ್ಮ ಕಾಲದಲ್ಲಿ ಹೆಂಗಸರ ತಲೆಗೇ ಕಟ್ಟಿದ್ದರು. ಕಡಿಸಿ ತಂದು ಜಗಲಿ ಮೇಲಿಟ್ಟು ಗಂಡಸರು ಕೈ ತೊಳೆದುಕೊಳ್ಳುತ್ತಿದ್ದರು. ಬಚ್ಚಲ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಆಷಾಢದ ಚಳಿನೀರಿಗೆ ಬೆರಳು ಮರಗಟ್ಟುವ ತನಕ ತೊಳೆದವರು ನಾವು. ನಿನಗೆ ಬೋಟಿ ಅಂದರೆ ಬೇಸರ ಬಂದಿರುವುದು ಅದನ್ನು ನೋಡಿ ಬೆಳೆದದ್ದಕ್ಕೇ ಇರಬಹುದು. ಆ ಬೇಸರ ನ್ಯಾಯವಾದದ್ದೇ. ಅದಕ್ಕೆ ಅಡುಗೆ ಬಿಡಬೇಡ, ಕೆಲಸ ಹಂಚು. ತೊಳೆಯುವುದು ನಿನ್ನ ಗಂಡನದ್ದು, ಒಗ್ಗರಣೆ ನಿನ್ನದು ಅಂತ ಈಗಲೇ ಹೇಳಿಬಿಡು. ತಿನ್ನಲು ಆಸೆ ಇರುವವನಿಗೆ ತೊಳೆಯಲು ನಾಚಿಕೆ ಯಾಕೆ?

ಬೋಟಿಗೆ ಅವರೆಕಾಳು ಸೇರಿದರೆ ಗೊಜ್ಜು ತುಂಬಿಕೊಳ್ಳುತ್ತದೆ. ಸೊಗಡಿನ ಕಾಳು ಚಳಿಗಾಲಕ್ಕೆ, ಉಳಿದ ದಿನಕ್ಕೆ ಕಡಲೆಕಾಳು. ಬೋಟಿಯನ್ನು ಮೊದಲು ಬೇರೆಯಾಗಿ ಮೆತ್ತಗೆ ಬೇಯಿಸಿ ಆ ನೀರನ್ನು ಚೆಲ್ಲಿ, ಆಮೇಲೆ ಮಸಾಲೆಗೆ ಹಾಕು. ಲಿವರ್ ಇದಕ್ಕೆ ತದ್ವಿರುದ್ಧ: ಬಾಣಲೆಗೆ ಬಿದ್ದು ಒಳಗಿನ ಕೆಂಪು ಹೋದ ಕೂಡಲೇ ಇಳಿಸಬೇಕು, ತಡವಾದರೆ ರಬ್ಬರು. ಉಪ್ಪನ್ನು ಕಡೆಗೆ ಹಾಕು. ಒಂದು ಎಚ್ಚರ, ಬಸುರಿಯರಿಗೆ ಲಿವರ್ ಪದೇ ಪದೇ ಕೊಡಬಾರದು. ಅದರಲ್ಲಿ ಎ ವಿಟಮಿನ್ ವಿಪರೀತ, ಮಗುವಿಗೆ ಒಳ್ಳೆಯದಲ್ಲ. ಕಾಲು ಬೆರಳಿನ ಕೀಲು ಊದಿ ಯೂರಿಕ್ ಆಸಿಡ್ ಅಂತ ಮಾತ್ರೆ ತಿನ್ನುವವರಿಗೂ ಬೋಟಿ, ಲಿವರ್ ಆಗದು. ಅಂಥವರು ಊಟಕ್ಕೆ ಕೂತರೆ ಕೇಳಿ ಬಡಿಸು. ತಲೆ ಮಾಂಸ ಮಾಡುವುದನ್ನು ಕಾಗದದಲ್ಲಿ ಕಲಿಸಲಾಗದು, ನಾನು ಬಂದಾಗ ಜೊತೆಗೆ ನಿಂತು ಮಾಡೋಣ.

ಹಂದಿ ನಮ್ಮ ಸೀಮೆಯಲ್ಲಿ ಮಾಡುವವರು ಮಾಡುತ್ತಾರೆ, ಮುಟ್ಟದವರು ಮುಟ್ಟುವುದಿಲ್ಲ. ಮಾಡಿದರೆ ಚರ್ಮ ಸಮೇತ ತಾ, ರುಚಿ ಇರುವುದು ಚರ್ಮ ಮತ್ತು ಕೊಬ್ಬಿನ ನಡುವೆ. ಎಣ್ಣೆ ಹಾಕಬೇಡ, ಅದರ ಕೊಬ್ಬೇ ಕರಗಿ ಸಾಕಾಗುತ್ತದೆ. ಕರಿಮೆಣಸು ಧಾರಾಳ, ಕಡೆಗೆ ಹುಳಿಗೆ ಕೊಡಗಿನ ಕಾಚಂಪುಳಿ ಒಂದು ಚಮಚ. ಒಳತನಕ ಬೇಯದ ಹಂದಿಯಿಂದ ಲಾಡಿಹುಳು ಬರುತ್ತದೆ, ಹಾಗಾಗಿ ಅರೆಬೆಂದದ್ದನ್ನು ಯಾರಿಗೂ ಬಡಿಸಬೇಡ. "ಕಾಡುಹಂದಿ ಸಿಗುತ್ತಾ?" ಅಂತ ಕೇಳುವ ಅತಿಥಿಗಳು ಬಂದೇ ಬರುತ್ತಾರೆ. ಇಲ್ಲ ಅಂತ ನೇರವಾಗಿ ಹೇಳು. 1972ರ ವನ್ಯಜೀವಿ ಕಾಯ್ದೆ ಇದೆ ಅನ್ನುವ ಭಯಕ್ಕಷ್ಟೇ ಅಲ್ಲ, ಕಾಡಿನದ್ದು ಕಾಡಿಗೇ ಇರಲಿ.

ಮಳೆಗಾಲದಲ್ಲಿ ಕೈಹಿಡಿಯುವುದು ಒಣಮೀನು. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಶಿರಾಡಿ ಘಾಟಿ ಹತ್ತಿ ಬರುವ ತಾಜಾ ಮೀನು ಆಗ ಕಡಿಮೆ, ಇದ್ದರೂ ಬೆಲೆ ಹೆಚ್ಚು. ಅಟ್ಟದ ಮೇಲೆ ಬೇಸಿಗೆಯಲ್ಲೇ ಒಣ ಸೀಗಡಿ ಕಟ್ಟಿಟ್ಟಿರು. ಮಳೆ ಹಿಡಿದ ಮೇಲೆ ಹಲಸಿನ ಬೀಜ ಬೇಯಿಸಿ ಸೀಗಡಿ ಹುರಿದು ಹಾಕಿದರೆ ತೋಟದ ಕೆಲಸಗಾರರ ಲೈನ್ ಮನೆಯಿಂದ ದೊಡ್ಡಮನೆ ತನಕ ಎಲ್ಲರಿಗೂ ಒಂದೇ ಸಾರು. ಕಳಲೆಗೂ ಸೀಗಡಿ ಹೊಂದುತ್ತದೆ. ಕಳಲೆ ಹೆಚ್ಚಿ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ ಎರಡು ಮೂರು ದಿನ ಕಳೆದೇ ಬಳಸು. ಹಸಿಯಲ್ಲಿ ವಿಷವಿರುತ್ತದೆ. ಗದ್ದೆ ಏಡಿಯ ಸಾರಿಗೆ ಕಾಲುಗಳನ್ನು ಕುಟ್ಟಿ ರಸ ಸೋಸಿ ಹಾಕುವುದು ನಿನಗೇ ಗೊತ್ತು. ಚೆನ್ನಾಗಿ ಕುದಿಸು, ಅರೆಬೆಂದ ಏಡಿಯಿಂದ ಶ್ವಾಸಕೋಶಕ್ಕೆ ಹುಳು ಸೇರುವುದುಂಟು. ಔಷಧಿ ಹೊಡೆದ ಗದ್ದೆಯದ್ದು ಬೇಡವೇ ಬೇಡ. ಹತ್ತುಮೀನನ್ನು ಮಾತ್ರ ಈಗ ಹಿಡಿಸಬೇಡ ಮಗಳೇ. ಅವು ಮೊಟ್ಟೆ ಇಡಲು ಹತ್ತುವ ಮೀನು. ಹಿಂದೆ ಕೂಳಿ ಇಟ್ಟು ಹಿಡಿದು ತಿಂದವರೇ ನಾವು, ಆದರೆ ಹಳ್ಳಗಳಲ್ಲಿ ಅಂದಿನ ಮೀನು ಇಂದಿಲ್ಲ.

ಇದನ್ನೆಲ್ಲ 'ಕೀಳು ಮಾಂಸ' ಅನ್ನುವವರು ನಿನ್ನ ಊಟದ ಮೇಜಿಗೂ ಬರುತ್ತಾರೆ. ಅವರಿಗೆ ಹೇಳು: ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ, ಕರುಳಿಗೆ ಮಜ್ಜೆ, ಮಸಾಲೆ ತುಂಬಿ ಕೆಂಡದ ಮೇಲೆ ಸುಡುವ ಅಡುಗೆ ಇದೆ. ಅರಮನೆಯ ತಟ್ಟೆಯಲ್ಲಿದ್ದರೆ ಭೋಗ, ಕೇರಿಯ ತಟ್ಟೆಯಲ್ಲಿದ್ದರೆ ಕೀಳು. ಇದಕ್ಕಿಂತ ದೊಡ್ಡ ಅನ್ಯಾಯದ ಮಾತಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮರಾಗಿದ್ದ ಕರಿಯರ ಪಾಲಿಗೆ ಯಜಮಾನರು ಬಿಟ್ಟದ್ದು ಹಂದಿಯ ಕರುಳು, ಕಾಲು, ಕಿವಿ. ಅದರಿಂದಲೇ ಅವರು ಕಟ್ಟಿದ ಅಡುಗೆ ಇವತ್ತು ಹಬ್ಬದೂಟ, ಚಿಟ್ಲಿನ್ಸ್ ಅಂತ ಹೆಸರು ಹೇಳಿ ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಊರುಗಳಲ್ಲೂ ಆರಿಸಿಕೊಳ್ಳುವ ಹಕ್ಕೇ ಇಲ್ಲದವರ ಕೇರಿಗಳಲ್ಲಿ, ಮೇಲಿನವರು ಬೇಡ ಅಂದದ್ದನ್ನು ಬೇಯಿಸಿ ರುಚಿ ಕಂಡುಕೊಂಡವರಿದ್ದಾರೆ. ತೋಟದಲ್ಲಿ ಕೆಲಸ ಮಾಡುವ ಹೆಂಗಸರಲ್ಲಿ ಬೋಟಿ ಮಾಡಲು ನಿನಗಿಂತ, ನನಗಿಂತ ಬಲ್ಲವರಿದ್ದಾರೆ. ಅವರ ಹತ್ತಿರ ಕೇಳಿ ಕಲಿ. ಕಲಿತದ್ದನ್ನು ಅತಿಥಿಗಳಿಗೆ ಬಡಿಸುವಾಗ ಅವರಿಂದ ಬಂದದ್ದು ಅಂತ ಹೆಸರು ಹೇಳಿ ಬಡಿಸು, ದುಡ್ಡಿನಲ್ಲೂ ಅವರಿಗೆ ಪಾಲು ಕೊಡು.

ಅತಿಥಿಗಳು ಮೊದಲ ರಾತ್ರಿಯೇ ಬೋಟಿ ತಿನ್ನುತ್ತಾರೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡ. ಯಾವ ಪ್ರಾಣಿಯ ಯಾವ ಭಾಗ ಅಂತ ಮುಚ್ಚಿಟ್ಟು ಬಡಿಸಲೂ ಬೇಡ, ಅದು ಮೋಸ. ಮಳೆಯಲ್ಲಿ ನೆನೆದು ಬಂದವರಿಗೆ ಕಾಲು ಸೂಪನ್ನು ಸಣ್ಣ ಲೋಟದಲ್ಲಿ ಕೊಡು, ಇದು ಕಾಲಿನದ್ದು ಅಂತ ಹೇಳಿಯೇ ಕೊಡು. ಬೇಕಾದವರು ಎರಡನೇ ಲೋಟ ಕೇಳುತ್ತಾರೆ. ಸಸ್ಯಾಹಾರಿಗಳು ಬಂದರೆ ಪಾತ್ರೆ, ಸೌಟು, ಈಳಿಗೆಮಣೆ ಎಲ್ಲ ಬೇರೆ ಇರಲಿ, ಅದರಲ್ಲಿ ಉಪೇಕ್ಷೆ ಬೇಡ. ಮುಂದಿನ ಭಾನುವಾರಕ್ಕೆ ಅಂಗಡಿಯಲ್ಲಿ ಶನಿವಾರವೇ ಹೇಳಿಟ್ಟಿರು, ಇಲ್ಲದಿದ್ದರೆ ಕಾಲುಗಳೆಲ್ಲ ಹೆದ್ದಾರಿಯ ಹೋಟೆಲುಗಳಿಗೆ ಹೋಗಿಬಿಡುತ್ತವೆ.